ಬೈಕಂಪಾಡಿಯಿಂದ ಓದಿದಾಗ

ವಾಹನ ಉದ್ಯಮವನ್ನು ಕುರಿತ ಪುಸ್ತಕಗಳಲ್ಲಿ 'ದ ಮೆಷಿನ್ ದಟ್ ಚೇಂಜ್ಡ್ ದ ವರ್ಲ್ಡ್' (1990) ಬಹಳ ಹೆಸರಾದದ್ದು. ವೊಮ್ಯಾಕ್, ಜೋನ್ಸ್ ಮತ್ತು ರೂಸ್ ಇದರ ಲೇಖಕರು. ಟೊಯೋಟದಂಥ ಕಂಪನಿ ಬಿಡಿಭಾಗ ಪೂರೈಸುವವರನ್ನು ಬೆಲೆಗಾಗಿ ಹಿಂಡುವುದಿಲ್ಲ; ಅವರೊಡನೆ ಸೇರಿ ವೆಚ್ಚ ಇಳಿಸುತ್ತದೆ, ಉಳಿತಾಯವನ್ನು ಹಂಚಿಕೊಳ್ಳುತ್ತದೆ ಎಂಬುದು ಅದರ ಒಂದು ಮುಖ್ಯ ವಾದ. ವಾದ ಸುಳ್ಳಲ್ಲ. ಆದರೆ ಅದು ಬಹುಮಟ್ಟಿಗೆ ಕೊಳ್ಳುವವರ ಕಡೆಯಿಂದ ಕಂಡ ನೋಟ. ಅದನ್ನು ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಿಂದ ಓದಿ ನೋಡಿ.

ಅಲ್ಲಿನ ಲ್ಯಾಮಿನಾ ಸಸ್ಪೆನ್ಶನ್ ಪ್ರಾಡಕ್ಟ್ಸ್ ವಾಹನಗಳ ಲೀಫ್ ಸ್ಪ್ರಿಂಗ್‌ಗೆ ಹೆಸರಾದ ಸಂಸ್ಥೆ. ಶಿರಾಡಿ ಘಾಟಿಯಲ್ಲಿ 'ಪ್ಲೇಟ್ ಕಟ್ಟಾಗಿ' ನಿಂತ ಲಾರಿಯನ್ನು ನೀವು ಕಂಡಿರಬಹುದು. ಆ ಪ್ಲೇಟೇ ಇದು. ಪಟ್ಟಿಯ ಬಿಗುಪು ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ದಪ್ಪದಲ್ಲಿ ಶೇ. 1ರ ತಪ್ಪು ಬಿಗುಪಿನಲ್ಲಿ ಸುಮಾರು ಶೇ. 3 ಆಗುತ್ತದೆ. ಇಂಥ ತಪ್ಪನ್ನು ಹಿಡಿಯುವುದು, ಕಾಯಿಸಿ ಎಣ್ಣೆಯಲ್ಲಿ ತಣಿಸಿದ ಉಕ್ಕನ್ನು ಹದಗೊಳಿಸುವುದು, ಉಕ್ಕಿನ ಸಣ್ಣ ಗುಂಡುಗಳನ್ನು ಹೊಡೆದು ಮೇಲ್ಮೈಯಲ್ಲಿ ಸಂಪೀಡನ ಉಳಿಸಿ ದಣಿವಿನ ಬಿರುಕನ್ನು ತಡೆಯುವುದು – ಇವನ್ನೆಲ್ಲ ಕೊಳ್ಳುವ ಕಂಪನಿಯ ಎಂಜಿನಿಯರು ಬಂದು ನಿಂತು ಕಲಿಸಬಲ್ಲ.

ಪ್ಯಾರಬೋಲಿಕ್ ಸ್ಪ್ರಿಂಗ್‌ನ ಮಾತು ಬೇರೆ. ತುದಿಯಿಂದ x ದೂರದಲ್ಲಿ ಬಾಗುವ ಮಹತ್ವ x ಗೆ ಅನುಪಾತದಲ್ಲಿದೆ. ಪೀಡನವು ಅದನ್ನು ದಪ್ಪದ ವರ್ಗದಿಂದ ಭಾಗಿಸಿದಂತೆ. ಪೀಡನ ಎಲ್ಲೆಡೆ ಒಂದೇ ಇರಬೇಕಾದರೆ ದಪ್ಪವು x ನ ವರ್ಗಮೂಲದಂತೆ ಏರಬೇಕು. ನಕ್ಷೆಯಲ್ಲಿ ದಪ್ಪದ ಅಂಕಿಗಳು ಮಾತ್ರ ಇರುತ್ತವೆ, ಈ ಕಾರಣ ಇರುವುದಿಲ್ಲ. ಅಂಕಿಯಂತೆ ಮಾಡುವುದು ಒಂದು ಸಾಮರ್ಥ್ಯ. ಹೊಸ ಲಾರಿಗೆ ಅಂಕಿಯನ್ನು ತಾನೇ ನಿರ್ಧರಿಸುವುದು ಇನ್ನೊಂದು. 'ಪೂರೈಕೆದಾರರ ಅಭಿವೃದ್ಧಿ' ಎಂದು ನಮ್ಮಲ್ಲಿ ಕೊಂಡಾಡುವುದು ಹೆಚ್ಚಾಗಿ ಮೊದಲನೆಯದನ್ನೇ.

1997ರ ಫೆಬ್ರವರಿ 1ರಂದು ಜಪಾನಿನ ಐಸಿನ್ ಕಂಪನಿಯ ಕಾರ್ಖಾನೆ ಸುಟ್ಟು, ಟೊಯೋಟಕ್ಕೆ ಬೇಕಾದ ಬ್ರೇಕ್ ಕವಾಟ ನಿಂತುಹೋಯಿತು. 60ಕ್ಕೂ ಹೆಚ್ಚು ಕಂಪನಿಗಳು ಕೆಲವೇ ದಿನಗಳಲ್ಲಿ ಆ ಕವಾಟವನ್ನು ಮಾಡಿಕೊಟ್ಟವು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿಯೂ ಅವುಗಳಲ್ಲಿ ಒಂದು! ಇದನ್ನು ಪರಸ್ಪರ ವಿಶ್ವಾಸದ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಕಾಣುವುದು ಬೇರೆ: ಐಸಿನ್‌ನ ವಿಶೇಷ ಯಂತ್ರಗಳು ಆ ಕಂಪನಿಗಳಲ್ಲಿ ಇರಲಿಲ್ಲ, ಮಾಡುವ ವಿಧಾನವನ್ನು ಅವು ತಾವೇ ಹುಡುಕಿಕೊಂಡವು. ಅಂಥ ತಿಳಿವು ಆ ಒಂದು ವಾರದಲ್ಲಿ ಯಾರೋ ಕಲಿಸಿ ಬಂದದ್ದಲ್ಲ.

ಪುಸ್ತಕವನ್ನು ತರಗತಿಗೆ ಒಯ್ಯುವ ಅಧ್ಯಾಪಕರು ಜೊತೆಗೆ ಒಂದು ಮುರಿದ ಪ್ಲೇಟನ್ನೂ ಒಯ್ಯಲಿ. ಬಿರುಕು ಎಲ್ಲಿಂದ ಹೊರಟಿತು ಎಂದು ವಿದ್ಯಾರ್ಥಿಗಳು ಹೇಳಬಲ್ಲರೇ ನೋಡೋಣ.