ಗುರುವಿನ ಆಣತಿ, ಶಿಷ್ಯೆಯ ಬದುಕು
('ಮಿಲಿಯನ್ ಡಾಲರ್ ಬೇಬಿ' ಚಿತ್ರವನ್ನು ಕುರಿತು ಒಂದು ವಿಮರ್ಶೆ)

ಮುಷ್ಟಿಯುದ್ಧವನ್ನು ವಸ್ತುವಾಗಿಸಿಕೊಂಡ ಚಲನಚಿತ್ರಗಳು ಬಹಳಷ್ಟಿವೆ. ಆದರೆ ಅದನ್ನೇ ವೃತ್ತಿಯಾಗಿ ಆರಿಸಿಕೊಂಡ ಹೆಣ್ಣುಮಗಳ ಕಥೆ ಹೇಳಿ ಲೋಕದ ಮನ್ನಣೆ ಪಡೆದವು ತೀರ ವಿರಳ. 2004ರಲ್ಲಿ ತೆರೆಕಂಡ ಅಮೆರಿಕದ 'ಮಿಲಿಯನ್ ಡಾಲರ್ ಬೇಬಿ' ಅಂಥ ವಿರಳ ಕೃತಿಗಳಲ್ಲೊಂದು. ಕ್ಲಿಂಟ್ ಈಸ್ಟ್‌ವುಡ್ ಇದನ್ನು ನಿರ್ದೇಶಿಸಿದ್ದಲ್ಲದೆ ವೃದ್ಧ ತರಬೇತುದಾರನ ಪಾತ್ರವನ್ನೂ ತಾವೇ ವಹಿಸಿದ್ದಾರೆ. ಅತ್ಯುತ್ತಮ ಚಿತ್ರ, ನಿರ್ದೇಶಕ, ನಟಿ ಮತ್ತು ಪೋಷಕ ನಟ ಎಂಬ ನಾಲ್ಕು ಆಸ್ಕರ್ ಪ್ರಶಸ್ತಿಗಳು ಇದಕ್ಕೆ ದೊರೆತವು.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮುಷ್ಟಿಯುದ್ಧದ ಮಾತೇಕೆ ಎಂದು ಓದುಗರು ಕೇಳಬಹುದು. ಚಿತ್ರದ ಮೂಲ ಒಂದು ಸಣ್ಣಕಥೆ ಎಂಬುದು ಮೊದಲ ಸಮಾಧಾನ. ಅದರ ಜೀವಾಳವಾಗಿರುವ ಗುರುಶಿಷ್ಯ ಸಂಬಂಧವು ನಮ್ಮ ಸಾಹಿತ್ಯಕ್ಕೂ ನಮ್ಮ ನೆಲಕ್ಕೂ ಹಳೆಯದು ಎಂಬುದು ಎರಡನೆಯದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯವರಿಗೆ ತಾಲೀಮು ಅಪರಿಚಿತವಲ್ಲ. ಕೆಂಪುಮಣ್ಣಿನ ಅಖಾಡದಲ್ಲಿ ವಸ್ತಾದರ ಮಾತಿಗೆ ಎದುರಾಡಬಾರದು ಎಂಬ ನಿಯಮವನ್ನು ನಮ್ಮ ಹಿರಿಯರು ಶಿರಸಾವಹಿಸಿ ಪಾಲಿಸಿದವರು. ಆ ನಿಯಮವನ್ನೇ ಮತ್ತೊಮ್ಮೆ ಪರಿಶೀಲಿಸಲು ಈ ಚಿತ್ರ ಅವಕಾಶ ಕೊಡುತ್ತದೆ.

ಮೂಲಕಥೆಯನ್ನು ಬರೆದವರು ಎಫ್. ಎಕ್ಸ್. ಟೂಲ್ ಎಂಬ ಕಾವ್ಯನಾಮದ ಜೆರ್ರಿ ಬಾಯ್ಡ್. ಸುತ್ತುಗಳ ನಡುವಿನ ಅಲ್ಪ ಬಿಡುವಿನಲ್ಲಿ ಸ್ಪರ್ಧಿಯ ಮುಖದ ಗಾಯಕ್ಕೆ ಔಷಧವೊತ್ತಿ ರಕ್ತ ನಿಲ್ಲಿಸುವುದು ಅವರ ಕಸುಬಾಗಿತ್ತು. ಅವರ 'ರೋಪ್ ಬರ್ನ್ಸ್' ಕಥಾಸಂಕಲನ 2000ದಲ್ಲಿ ಹೊರಬಂದಾಗ ಅವರಿಗೆ ಎಪ್ಪತ್ತರ ಪ್ರಾಯ. 2002ರಲ್ಲಿ ಅವರು ತೀರಿಕೊಂಡರು; ಚಿತ್ರವನ್ನು ನೋಡುವ ಭಾಗ್ಯ ಅವರದಾಗಲಿಲ್ಲ. ಆದರೆ ಅವರ ಕಸುಬಿನ ಅರಿವು ಚಿತ್ರದುದ್ದಕ್ಕೂ ಉಸಿರಾಡುತ್ತಿದೆ. ಪಂದ್ಯದ ನಡುವೆ ಮುರಿದ ಮೂಗಿನ ಮೂಳೆಯನ್ನು ಗುರುವು ತನ್ನ ಕೈಯಿಂದಲೇ ಸರಿಪಡಿಸಿ ಶಿಷ್ಯೆಯನ್ನು ಮತ್ತೆ ಕಣಕ್ಕೆ ಕಳಿಸುವ ದೃಶ್ಯ, ಆ ಲೋಕವನ್ನು ಒಳಗಿನಿಂದ ಕಂಡವರ ಕೃತಿಯಿಂದ ಮಾತ್ರ ಹುಟ್ಟಬಲ್ಲುದು.

ಕಥಾನಾಯಕಿ ಮ್ಯಾಗಿ ಫಿಟ್ಜ್‌ಜೆರಾಲ್ಡ್ ಮಿಸ್ಸೌರಿಯ ಬಡ ಕುಟುಂಬದವಳು. ಮೂವತ್ತು ದಾಟಿದ್ದಾಳೆ. ಹೋಟೆಲಿನಲ್ಲಿ ಬಡಿಸುವ ಕೆಲಸ. ಗಿರಾಕಿ ತಟ್ಟೆಯಲ್ಲಿ ಬಿಟ್ಟುಹೋದ ಮಾಂಸವನ್ನು ನಾಯಿಗೆಂದು ಹೇಳಿ ಕಟ್ಟಿಕೊಂಡು ತಾನೇ ತಿನ್ನುವಷ್ಟು ಬಡತನ. ಫ್ರ್ಯಾಂಕಿ ಡನ್ ಎಂಬ ತರಬೇತುದಾರನ ವ್ಯಾಯಾಮಶಾಲೆಗೆ ಬಂದು ಕಲಿಸುವಂತೆ ಕೇಳುತ್ತಾಳೆ. ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲವೆಂದು ಅವನು ತಳ್ಳಿಹಾಕುತ್ತಾನೆ. ಅವಳು ಹೋಗುವುದಿಲ್ಲ. ಎಲ್ಲರೂ ಮನೆಗೆ ಹೋದ ಮೇಲೆ ಒಬ್ಬಳೇ ಚೀಲಕ್ಕೆ ಗುದ್ದುತ್ತ ನಿಲ್ಲುತ್ತಾಳೆ. ಅಲ್ಲಿನ ಮೇಲ್ವಿಚಾರಕ ಸ್ಕ್ರ್ಯಾಪ್, ಒಂದು ಕಣ್ಣು ಕಳೆದುಕೊಂಡ ಹಳೆಯ ಮುಷ್ಟಿಪಟು, ಕದ್ದುಮುಚ್ಚಿ ಒಂದೆರಡು ಪಟ್ಟು ಹೇಳಿಕೊಡುತ್ತಾನೆ.

ಇಲ್ಲಿಯವರೆಗೆ ಮ್ಯಾಗಿ ಏಕಲವ್ಯನ ತಂಗಿಯೇ ಸರಿ. ಗುರುವು ಒಲ್ಲೆನೆಂದರೂ ಗುರುವಿನ ನೆರಳಿನಲ್ಲೇ ವಿದ್ಯೆಯನ್ನು ಸಾಧಿಸುವವಳು. ಕೊನೆಗೆ ಫ್ರ್ಯಾಂಕಿ ಒಪ್ಪುತ್ತಾನೆ, ಆದರೆ ಷರತ್ತಿನ ಮೇಲೆ: ತಾನು ಹೇಳಿದ್ದನ್ನು ಮಾಡಬೇಕು, ಏಕೆಂದು ಕೇಳಬಾರದು. ಅವಳು ತಲೆಯಾಡಿಸುತ್ತಾಳೆ. ಅವಳಿಗೆ ಅವನು ಪದೇಪದೇ ಹೇಳುವ ಪಾಠವೂ ಒಂದೇ: ಸದಾ ನಿನ್ನನ್ನು ನೀನು ಕಾಪಾಡಿಕೋ. ಅವಳು ಗೆಲ್ಲುತ್ತಾಳೆ, ಹಣ ಕೂಡಿಸುತ್ತಾಳೆ, ತಾಯಿಗೆ ಮನೆ ಕೊಳ್ಳುತ್ತಾಳೆ. ಮನೆಯಿದ್ದರೆ ಸರ್ಕಾರದ ಸಹಾಯಧನ ನಿಂತುಹೋದೀತೆಂದು ಆ ತಾಯಿ ಮಗಳನ್ನೇ ದೂರುತ್ತಾಳೆ. ತಾಯಿಯಿಂದ ಸಿಗದ ವಾತ್ಸಲ್ಯ ಮ್ಯಾಗಿಗೆ ಗುರುವಿನಿಂದ ಸಿಗುತ್ತದೆ. ತನ್ನ ಮಗಳಿಗೆ ಬರೆದ ಪತ್ರಗಳೆಲ್ಲ ಒಡೆಯದೆ ಹಿಂದಿರುಗುತ್ತಿರುವ ಫ್ರ್ಯಾಂಕಿಗೂ ಮಗಳೊಬ್ಬಳು ಸಿಕ್ಕಂತಾಗುತ್ತದೆ. ಈ ಎರಡು ಒಂಟಿ ಜೀವಗಳ ನಂಟನ್ನು ನಿರ್ದೇಶಕರು ಕಟ್ಟಿರುವ ಸಂಯಮ ಮೆಚ್ಚತಕ್ಕದ್ದು. ಹಿಲರಿ ಸ್ವಾಂಕ್ ಅವರ ಅಭಿನಯದಲ್ಲಿ ಹಸಿವು ಮತ್ತು ಹಿಗ್ಗು ಎರಡೂ ಒಟ್ಟಿಗೆ ಕಾಣುತ್ತವೆ.

ಪ್ರಶಸ್ತಿ ಪಂದ್ಯದಲ್ಲಿ ಕಥೆ ತಿರುಗುತ್ತದೆ. ಸುತ್ತು ಮುಗಿದ ಗಂಟೆ ಬಾರಿಸಿದ ಮೇಲೆ ಮ್ಯಾಗಿ ಕೈ ಇಳಿಸುತ್ತಾಳೆ. ಎದುರಾಳಿ ನಿಯಮ ಮೀರಿ ಹೊಡೆಯುತ್ತಾಳೆ. ಮೂಲೆಯಲ್ಲಿಟ್ಟ ಸ್ಟೂಲಿಗೆ ಕುತ್ತಿಗೆ ಬಡಿದು ಮ್ಯಾಗಿಯ ಬೆನ್ನುಹುರಿ ಮುರಿಯುತ್ತದೆ. ಕತ್ತಿನಿಂದ ಕೆಳಗೆ ದೇಹ ನಿಶ್ಚೇಷ್ಟಿತ. ಒಂದು ಕಾಲನ್ನೂ ಕತ್ತರಿಸಬೇಕಾಗುತ್ತದೆ. ಅವಳು ಗುರುವಿನಲ್ಲಿ ಕೊನೆಯ ವರವಾಗಿ ಸಾವನ್ನು ಬೇಡುತ್ತಾಳೆ. ಬಹಳ ತೊಳಲಾಟದ ನಂತರ ಅವನು ಅದನ್ನು ಕೊಟ್ಟು ಕಣ್ಮರೆಯಾಗುತ್ತಾನೆ.

ಕುವೆಂಪು ಅವರು ಏಕಲವ್ಯನ ಕಥೆಯನ್ನು ನಾಟಕವಾಗಿಸಿದಾಗ ಅದಕ್ಕಿಟ್ಟ ಹೆಸರು 'ಬೆರಳ್‌ಗೆ ಕೊರಳ್'. ಶಿಷ್ಯನ ಬೆರಳಿಗೆ ಗುರುವೂ ಬೆಲೆ ತೆರಬೇಕು ಎಂಬ ಧ್ವನಿ ಆ ಹೆಸರಿನಲ್ಲೇ ಇದೆ. ಇಲ್ಲಿ ಮುರಿದದ್ದು ಶಿಷ್ಯೆಯ ಕೊರಳು. ಗುರುವೂ ತನ್ನ ಮನಶ್ಶಾಂತಿಯನ್ನು ಬೆಲೆಯಾಗಿ ತೆರುತ್ತಾನೆ. ಆದರೆ ನನ್ನ ತಕರಾರು ಇಲ್ಲಿಂದಲೇ ಆರಂಭವಾಗುತ್ತದೆ. ಮ್ಯಾಗಿ ಹಾಸಿಗೆ ಹಿಡಿದ ಕ್ಷಣದಿಂದ ಕಥೆ ಅವಳ ಕೈಬಿಟ್ಟು ಫ್ರ್ಯಾಂಕಿಯ ಧರ್ಮಸಂಕಟದ ಕಥೆಯಾಗುತ್ತದೆ. ಇಡೀ ವೃತ್ತಾಂತವನ್ನು ಹೇಳುವವನು ಸ್ಕ್ರ್ಯಾಪ್. ಹೇಳುತ್ತಿರುವುದು ಫ್ರ್ಯಾಂಕಿಯ ಮಗಳಿಗೆ. ಹೇಳುವ ಉದ್ದೇಶ ಆಕೆಯ ತಂದೆ ಎಂಥ ಮನುಷ್ಯನೆಂದು ತಿಳಿಸುವುದು. ಹೀಗೆ ಒಬ್ಬ ಹೆಣ್ಣಿನ ವೃತ್ತಿಜೀವನವು ಒಬ್ಬ ಗಂಡಸಿನ ಸದ್ಗುಣಕ್ಕೆ ಸಾಕ್ಷಿಪತ್ರವಾಗಿ ಉಳಿಯುತ್ತದೆ. ದೇಹ ಸೋತವರ ಬದುಕಿಗೆ ಸಾವೇ ದಾರಿಯೆಂಬಂತೆ ಚಿತ್ರ ತೋರಿಸಿತೆಂದು ಅಮೆರಿಕದ ಅಂಗವಿಕಲರ ಹಕ್ಕುಗಳ ಹೋರಾಟಗಾರರು ಪ್ರತಿಭಟಿಸಿದ್ದರು. ಆ ಆಕ್ಷೇಪದಲ್ಲಿ ತಿರುಳಿದೆ.

ಏಕೆಂದು ಕೇಳಬಾರದೆಂಬ ಷರತ್ತನ್ನು ಚಿತ್ರ ಎಲ್ಲಿಯೂ ಗಂಭೀರವಾಗಿ ಪ್ರಶ್ನಿಸುವುದಿಲ್ಲ. ಗುರು ಒಳ್ಳೆಯವನಾದುದರಿಂದ ಷರತ್ತೂ ಒಳ್ಳೆಯದೆಂದು ನಾವು ನಂಬಿಬಿಡುತ್ತೇವೆ. ಗುರು ಕೆಟ್ಟವನಾಗಿದ್ದರೆ? ಈ ಪ್ರಶ್ನೆಗೆ ಉತ್ತರ ಕಲ್ಪನೆಯಲ್ಲಿಲ್ಲ, ನಿಜಜೀವನದಲ್ಲಿದೆ.

ಕ್ರಿಸ್ಟಿ ಮಾರ್ಟಿನ್ ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಯವರು. 'ಗಣಿಗಾರನ ಮಗಳು' ಎಂಬುದೇ ಅವರ ಬಿರುದು. ಕಲಿಯಲು ಹೋದದ್ದು ಜಿಮ್ ಮಾರ್ಟಿನ್ ಎಂಬ ತರಬೇತುದಾರನ ಬಳಿ. ತನಗಿಂತ ಬಹಳ ಹಿರಿಯನಾದ ಅವನನ್ನೇ ಮುಂದೆ ಮದುವೆಯಾದರು. 1996ರ ಮಾರ್ಚ್ 16ರಂದು ಲಾಸ್ ವೇಗಾಸಿನಲ್ಲಿ ಮೈಕ್ ಟೈಸನ್ ಮತ್ತು ಫ್ರ್ಯಾಂಕ್ ಬ್ರೂನೋ ಅವರ ಪಂದ್ಯಕ್ಕೆ ಮುನ್ನ ಕ್ರಿಸ್ಟಿ ಐರ್ಲೆಂಡಿನ ಡೀರ್ಡ್ರಿ ಗೊಗಾರ್ಟಿಯವರನ್ನು ಎದುರಿಸಿದರು. ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಆರು ಸುತ್ತು ಕಾದಾಡಿ ಗೆದ್ದರು. ಟೈಸನ್ನನ ಪಂದ್ಯ ನೋಡಲು ಕುಳಿತವರು ಈ ಹೆಣ್ಣುಮಕ್ಕಳ ಹೋರಾಟವನ್ನು ಹೊಗಳುತ್ತ ಎದ್ದರು. ಮರುತಿಂಗಳೇ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಒಟ್ಟು ವೃತ್ತಿಜೀವನದಲ್ಲಿ 49 ಗೆಲುವು, 7 ಸೋಲು, 3 ಸಮ.

ಹೊರಗೆ ಸಾವಿರಾರು ಜನರೆದುರು ಅಂಜದ ಆ ಹೆಣ್ಣು ಮನೆಯೊಳಗೆ ಗುರುವೂ ಗಂಡನೂ ಆದವನ ಹಿಡಿತದಲ್ಲಿದ್ದರು. ಬಿಟ್ಟುಹೋದರೆ ಕೊಲ್ಲುವೆನೆಂಬ ಬೆದರಿಕೆಯಲ್ಲಿ ವರ್ಷಗಳು ಕಳೆದವೆಂದು ಅವರೇ ಹೇಳಿಕೊಂಡಿದ್ದಾರೆ. 2010ರ ನವೆಂಬರ್‌ನಲ್ಲಿ ಅವನು ಅವರನ್ನು ಚಾಕುವಿನಿಂದ ಇರಿದು, ಗುಂಡು ಹಾರಿಸಿ, ಸತ್ತಳೆಂದು ಬಗೆದ. ಕ್ರಿಸ್ಟಿ ಸಾಯಲಿಲ್ಲ. ಹೇಗೋ ರಸ್ತೆಗೆ ಬಂದು, ಹೋಗುತ್ತಿದ್ದ ಕಾರನ್ನು ನಿಲ್ಲಿಸಿ ಬದುಕಿದರು. ಮರುವರ್ಷವೇ ಮತ್ತೆ ಕಣಕ್ಕಿಳಿದರು. ಸೋತರು, ಆದರೆ ಇಳಿದರು. 2012ರಲ್ಲಿ ಅವನಿಗೆ 25 ವರ್ಷಗಳ ಸೆರೆವಾಸವಾಯಿತು. 2020ರ ಸಾಲಿಗೆ ಅಂತರರಾಷ್ಟ್ರೀಯ ಬಾಕ್ಸಿಂಗ್ ಕೀರ್ತಿಭವನಕ್ಕೆ ಕ್ರಿಸ್ಟಿಯವರ ಆಯ್ಕೆಯಾಯಿತು. 2022ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಇಲ್ಲಿ ಕಥೆ ಹೇಳಲು ಸ್ಕ್ರ್ಯಾಪ್ ಬೇಕಾಗಲಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಚಿತ್ರದ ಮಿತಿ ಸ್ಪಷ್ಟವಾಗುತ್ತದೆ. ಮ್ಯಾಗಿಯ ವಿಧೇಯತೆ ವಾತ್ಸಲ್ಯಕ್ಕೆ ದಾರಿಯಾಯಿತು. ಕ್ರಿಸ್ಟಿಯ ವಿಧೇಯತೆ ಸೆರೆಮನೆಯಾಯಿತು. ಷರತ್ತು ಒಂದೇ, ಗುರುಗಳು ಬೇರೆ. ಶಿಷ್ಯೆಯ ಕ್ಷೇಮವೆಲ್ಲ ಗುರುವಿನ ಒಳ್ಳೆಯತನವೆಂಬ ಅದೃಷ್ಟವನ್ನೇ ನಂಬಿ ನಿಂತರೆ ಅದನ್ನು ಶಿಕ್ಷಣವೆನ್ನಲಾಗದು. ತನ್ನನ್ನು ತಾನು ಕಾಪಾಡಿಕೊಳ್ಳುವ ಪಾಠ ಹೇಳಿದ ಫ್ರ್ಯಾಂಕಿಯೇ ಪ್ರಶ್ನೆ ಕೇಳುವ ಹಕ್ಕನ್ನು ಕಿತ್ತುಕೊಂಡದ್ದು ಕಥೆಯೊಳಗಿನ ದೊಡ್ಡ ವಿರೋಧಾಭಾಸ. ಚಿತ್ರಕಥೆಯು ಅದನ್ನು ಕಂಡೂ ಕಾಣದಂತೆ ದಾಟಿಹೋಗಿದೆ.

ಇದು ದೂರದೇಶದ ಮಾತೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 2023ರಲ್ಲಿ ನಮ್ಮ ದೇಶದ ಹೆಸರಾಂತ ಮಹಿಳಾ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರಿನಲ್ಲಿ ನ್ಯಾಯ ಕೇಳಿ ಧರಣಿ ಕುಳಿತದ್ದನ್ನು ಎಲ್ಲರೂ ಕಂಡಿದ್ದೇವೆ. ಒಂದು ಕಾಲಕ್ಕೆ ತಾಲೀಮಿನ ಹೊಸ್ತಿಲು ತುಳಿಯದ ಹೆಣ್ಣುಮಕ್ಕಳು ಇಂದು ಕುಸ್ತಿ, ಕಬಡ್ಡಿ, ಬಾಕ್ಸಿಂಗ್ ಎಂದು ಮುಂದೆ ಬರುತ್ತಿರುವುದು ಸಂತೋಷದ ಸಂಗತಿ. ಅವರಿಗೆ ಒಳ್ಳೆಯ ವಸ್ತಾದರು ಸಿಗಲಿ ಎಂದು ಹಾರೈಸುವುದಷ್ಟೇ ಸಾಲದು. ತರಗತಿಯಲ್ಲಿ ಎದ್ದು ನಿಂತು "ಯಾಕೆ ಸರ್?" ಎಂದು ಕೇಳುವ ಹುಡುಗಿಯನ್ನು ಅಧಿಕಪ್ರಸಂಗಿ ಎಂದು ಕೂರಿಸುವ ರೂಢಿ ನಮ್ಮ ಶಾಲೆಗಳಲ್ಲೂ ಮನೆಗಳಲ್ಲೂ ಇನ್ನೂ ಇದೆ. ಅದನ್ನು ಬಿಡುವುದು ನಮ್ಮ ಕೈಯಲ್ಲಿದೆ.

ಇಷ್ಟೆಲ್ಲ ಆಕ್ಷೇಪಗಳಿದ್ದರೂ 'ಮಿಲಿಯನ್ ಡಾಲರ್ ಬೇಬಿ' ನೋಡಲೇಬೇಕಾದ ಕೃತಿ. ಬಡ ಹೆಣ್ಣೊಬ್ಬಳ ಛಲವನ್ನು ಅಷ್ಟು ಗೌರವದಿಂದ ಚಿತ್ರಿಸಿದ ಕೃತಿಗಳು ಹೆಚ್ಚಿಲ್ಲ. ಪ್ರಾಯಕ್ಕೆ ಬಂದ ಮಗಳಿದ್ದರೆ ಅವಳನ್ನೂ ಕೂರಿಸಿಕೊಂಡು ನೋಡಿರಿ. ಮುಗಿದ ಮೇಲೆ ಕ್ರಿಸ್ಟಿ ಮಾರ್ಟಿನ್ ಅವರ ಬದುಕನ್ನೂ ಅವಳಿಗೆ ಹೇಳಿರಿ, ಮತ್ತು ಅವಳು ಕೇಳುವ ಪ್ರಶ್ನೆಗಳಿಗೆ ತಾಳ್ಮೆಯಿಂದ ಕಿವಿಗೊಡಿರಿ.