ಚಪ್ಪರ ಬಂತು, ಧಾರೆ ಬರಲಿಲ್ಲ

ತಂಗಿ ಮದುವೆಗೆ ಆಫೀಸಿನವರಿಗೆಲ್ಲ ಒಂದೇ ಐಸಿಎಸ್ ಫೈಲು ಮೇಲ್ ಮಾಡಿದ್ದೆ: ಚಪ್ಪರ, ಧಾರೆ, ಬೀಗರೂಟ. ಎಷ್ಟು ಎಲೆ ಹಾಕಬೇಕು ಗೊತ್ತಾಗಲಿ ಅಂತ ‘ರಿಕ್ವೆಸ್ಟ್’ ಆಗಿಯೇ ಕಳಿಸಿದ್ದು. ಹಲವರ ಕ್ಯಾಲೆಂಡರಿನಲ್ಲಿ ಕೂತಿದ್ದು ಚಪ್ಪರ ಮಾತ್ರ. ಧಾರೆ ಹೊತ್ತಿಗೆ ಅಪ್ಪ, ‘ನಿನ್ ಫ್ರೆಂಡ್ಸ್ ಎಲ್ಲೋ?’ ಅಂದ್ರು.

ಅರ್ಧ ತಪ್ಪು ನನ್ನದೇ. ಒಂದು ಫೈಲಿನಲ್ಲಿ ಎಷ್ಟು ಕಾರ್ಯಕ್ರಮ ಬೇಕಾದ್ರೂ ತುಂಬಬಹುದು. ಆದ್ರೆ ರಿಕ್ವೆಸ್ಟ್ ಅಂದಮೇಲೆ ಒಳಗಿನವೆಲ್ಲ ಒಂದೇ ಯುಐಡಿಯವಾಗಿರಬೇಕು ಅನ್ನುತ್ತೆ 2009ರ ಆರ್‌ಎಫ್‌ಸಿ 5546. ಬೇರೆಬೇರೆ ಕಾರ್ಯಕ್ರಮಗಳಿಗೆ ‘ಪಬ್ಲಿಷ್’ ಇದೆ. ಅದಕ್ಕೆ ಬರ್ತೀನಿ-ಬರಲ್ಲ ಅನ್ನೋ ಉತ್ತರ ಸಿಗಲ್ಲ. ಸರಿ, ನಿಯಮ ಒಪ್ಪೋಣ. ಉಳಿದೆರಡನ್ನು ಸದ್ದಿಲ್ಲದೆ ನುಂಗೋ ಮೇಲ್ ಆಪ್‌ಗೆ ಏನನ್ನೋಣ? ‘ಇನ್ನೂ ಎರಡಿವೆ’ ಅಂತ ಒಂದು ಸಾಲು ತೋರಿಸೋಕೇನು ಕಷ್ಟ?

ಆ ರಾತ್ರಿ ಛತ್ರದಲ್ಲೇ ಕೂತು ಬೀಗರೂಟದ್ದು ಬೇರೆ ಮೇಲ್ ಕಳಿಸಿದೆ.