ಹಿಮದ ಪದರ ಓದುವ ಕೈ

ಪರ್ವತದ ಇಳಿಜಾರನ್ನು ದಾಟುವ ಮುನ್ನ ನುರಿತವರು ತೋಡುವ ಹಿಮಗುಂಡಿ, ಅಂದರೆ ಒಳಪದರಗಳು ಕಾಣುವಂತೆ ಸಲಿಕೆಯಿಂದ ನೇರ ಗೋಡೆಯಾಗಿ ಕತ್ತರಿಸಿದ ತಗ್ಗು, ನೋಡುವವರಿಗೆ ಬರಿಯ ಅಗೆತವೆನಿಸಿದರೂ ಬೆರಳ ತುದಿಯ ಸೂಕ್ಷ್ಮವನ್ನು ನಂಬಿದ ಅಪರೂಪದ ವಿದ್ಯೆ. ಗೋಡೆಯನ್ನು ನಯಗೊಳಿಸಿದ ಪರೀಕ್ಷಕನು ಪ್ರತಿ ಪದರಕ್ಕೂ ಮೊದಲು ಮುಷ್ಟಿಯನ್ನು, ಅದು ಇಳಿಯದಿದ್ದರೆ ನಾಲ್ಕು ಬೆರಳನ್ನು, ಬಳಿಕ ಒಂದೇ ಬೆರಳನ್ನು, ಆಮೇಲೆ ಪೆನ್ಸಿಲನ್ನು, ಕೊನೆಗೆ ಚಾಕುವನ್ನು ಮೆಲ್ಲನೆ ಒತ್ತಿ ಗಡಸುತನವನ್ನು ಅಳೆಯುತ್ತಾನೆ. ಗಟ್ಟಿ ಪದರದಡಿ ಸಕ್ಕರೆಯಂತೆ ಉದುರುವ ಹರಳು ಸಿಕ್ಕಿತೆಂದರೆ ಕೈ ಅಲ್ಲಿಯೇ ನಿಲ್ಲುತ್ತದೆ. ನೆಲದ ಬಿಸುಪಿಗೂ ಮೇಲಿನ ಕೊರೆಯುವ ಚಳಿಗೂ ನಡುವೆ ಬೆಳೆಯುವ, ಒಂದಕ್ಕೊಂದು ಅಂಟದ ಈ ಹರಳುಗಳ ಮೇಲಿಂದ, ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ, ಇಡೀ ಹಿಮಹಾಸು ಜಾರಿಬರುವುದುಂಟು. ಅನಂತರ ಹಿಮದ ಕಂಬವೊಂದನ್ನು ಬಿಡಿಸಿ, ಅದರ ನೆತ್ತಿಗೆ ಸಲಿಕೆಯಿಟ್ಟು, ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಬಾರಿ ತಟ್ಟುತ್ತಾರೆ. ಎಷ್ಟನೆಯ ಪೆಟ್ಟಿಗೆ ಪದರ ಬಿರಿಯಿತೆಂಬುದಷ್ಟೇ ಅಲ್ಲದೆ, ಅದು ನಯವಾಗಿ ಜಾರಿತೋ ಒರಟಾಗಿ ಮುರಿಯಿತೋ ಎಂಬುದನ್ನೂ ಹಿಡಿಯುವುದರಲ್ಲಿಯೇ ನಿಜವಾದ ಪಳಗಿಕೆಯಿದೆ.

ಬಿಸಿಲಿಗೆ ಹೆಸರಾದ ಯಾದಗಿರಿ ಸೀಮೆಯ ಕೊಂಕಲ್‌ನಂಥ ಊರಿಗೆ ಇದು ದೂರದ ಮಾತೆನಿಸಬಹುದು. ಆದರೆ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದಾಗ ಹೂತುಹೋದ 10 ಯೋಧರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರೂ ಇದ್ದರು. ಕುಸಿದದ್ದು ಭಾರೀ ಹಿಮಗೋಡೆಯಾದ್ದರಿಂದ ಗುಂಡಿಯ ವಿದ್ಯೆ ಅಲ್ಲಿಗೆ ಸಾಲದು. ಬೇಕಾದದ್ದು ಹುಡುಕುವವರ ಪಟ್ಟು. ಸುಮಾರು 19,600 ಅಡಿ ಎತ್ತರದಲ್ಲಿ, ಉಸಿರಾಟವೇ ದುಡಿಮೆಯಾಗುವ ತಾಣದಲ್ಲಿ, ನಾಯಿಗಳ ಮೂಗನ್ನೂ ಆಳ ಶೋಧಿಸುವ ರಾಡಾರನ್ನೂ ಜೊತೆಗಿಟ್ಟುಕೊಂಡು ಗಡ್ಡೆಗಟ್ಟಿದ ಹಿಮವನ್ನು ಕೊರೆದ ಸೈನಿಕರು, ಆರನೆಯ ದಿನ ಹನುಮಂತಪ್ಪ ಅವರನ್ನು ಜೀವಂತ ಹೊರತೆಗೆದರು. ಫೆಬ್ರುವರಿ 11ರಂದು ಅವರು ದಿಲ್ಲಿಯ ಆಸ್ಪತ್ರೆಯಲ್ಲಿ ಅಸುನೀಗಿದರಾದರೂ, ಆ ಅಗೆತದ ಕೌಶಲಕ್ಕೆ ಸಲ್ಲಬೇಕಾದ ಮನ್ನಣೆ ಅದರಿಂದ ಕಡಿಮೆಯಾಗದು.